ಸುಟ್ಟ ಮೋಟಾರಿಗೆ ಆಯುಧಪೂಜೆ

ಯಶೋಧರಾಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಹೋಗುವುದೂ ಇಲ್ಲ. ಎರಡು ಸಾವಿರದ ಮೂರನೇ ಇಸವಿಯ ಗೌರಿಹಬ್ಬದ ಹೊತ್ತಿಗೆ ಬಂದ ಸಿಟ್ಟು ದಸರಾದವರೆಗೂ ಅವಳೊಳಗೆ ಕೊತಕೊತ ಕುದಿಯುತ್ತಲೇ ಇತ್ತು. ಅದಕ್ಕೆ ಕಾರಣ ವಠಾರದ ಬಾವಿಯ ಮೋಟಾರು.

ನಂಜನಗೂಡಿನ ಆ ವಠಾರದಲ್ಲಿ ನಾಲ್ಕು ಬಾಡಿಗೆ ಮನೆ, ಒಂದೇ ಮೋಟಾರು. ಅದು ಸುಟ್ಟು ಕೂತಿತ್ತು. ಬಾವಿಯಿಂದ ಸೇದಿಕೊಳ್ಳೋಣವೆಂದರೆ, ಮೋಟಾರು ಕೂರಿಸಿದಾಗಲೇ ಬಾವಿಯ ಬಾಯಿಗೆ ಚಪ್ಪಡಿ ಮುಚ್ಚಿಸಿಬಿಟ್ಟಿದ್ದರು. ಮಾಲೀಕ ಗುರುಮಲ್ಲಪ್ಪನವರದು ಪಕ್ಕದ ಮಹಡಿ ಮನೆ. ಅವರಿಗೆ ಬೇರೆ ಬೋರು, ನಲ್ಲಿ ತಿರುಗಿಸಿದರೆ ಧೋ ಎಂದು ನೀರು! ಇವರಿಗೆ ಬೆಳಗೆದ್ದರೆ ಬೀದಿ ನಲ್ಲಿ, ಬಿಂದಿಗೆ ಸಾಲು, ಬೈದಾಟ. ಯಶೋಧರಾ ನೀರು ಹೊತ್ತು ಮುಗಿಸಿ ಓಡುವಷ್ಟರಲ್ಲಿ ಅವಳು ಕೆಲಸಕ್ಕೆ ಹೋಗುವ ತಾಂಡ್ಯದ ಕಾರ್ಖಾನೆಯ ಬಸ್ಸು ಹೊರಟುಹೋಗಿರುತ್ತಿತ್ತು.

"ಯಜಮಾನ್ರೇ, ಮೋಟ್ರು ಏನಾಯ್ತು?" ಎಂದರೆ, "ಮಿಸ್ತ್ರಿಗೆ ಯೋಳಿವ್ನಿ ಕಣಮ್ಮ, ಬತ್ತಾನೆ" ಎನ್ನುವರು. ಆ ಮಿಸ್ತ್ರಿ ಯಾವ ದೇಶದಿಂದ ನಡೆದು ಬರುತ್ತಿದ್ದನೋ! ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ ಎಂದರೆ, "ನನ್ ಮೋಟ್ರು ಮುಟ್ಟಕೆ ನೀವ್ಯಾರು?" ಎಂದು ಗುರ್ರೆನ್ನುವರು. ಪುರಸಭೆಯಲ್ಲಿ ಕೇಳಿದರೆ, ಅದು ಖಾಸಗಿ ಬಾವಿ, ನಮಗೆ ಸಂಬಂಧವಿಲ್ಲ ಎಂದರು. ಬಾಡಿಗೆಯನ್ನೇ ತಡೆದು ನೋಡೋಣ ಎಂದದ್ದಕ್ಕೆ ಗಂಡ ಸಿದ್ದು ಹೌಹಾರಿದ.

"ಸುಮ್ಕಿರಮ್ಮಿ. ಈ ಮನೆ ಬುಟ್ರೆ ನಮಗ್ಯಾರು ಕೊಟ್ಟಾರು?"

ಅವನ ಭಯ ಸುಳ್ಳಲ್ಲ. ತಮ್ಮ ಹಳ್ಳಿ ಹೆಮ್ಮಿಗೆಯಿಂದ ಬಂದ ಹೊಸದರಲ್ಲಿ ಮನೆ ಹುಡುಕಿ ಇಬ್ಬರ ಚಪ್ಪಲಿಯೂ ಸವೆದಿತ್ತು. ಬಾಗಿಲಲ್ಲೇ "ಯಾವ ಜನ?" ಎಂದು ಕೇಳುವರು. ಹೇಳಿದ ಕೂಡಲೇ, ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎನ್ನುವರು. ಗುರುಮಲ್ಲಪ್ಪ ಒಬ್ಬರೇ ಏನೂ ಕೇಳದೆ ಬೀಗದಕೈ ಕೊಟ್ಟಿದ್ದರು. ಆ ಉಪಕಾರವೇ ಈಗ ಬಾಯಿ ಕಟ್ಟಿಹಾಕಿತ್ತು.

ಆಯುಧಪೂಜೆ ಬಂತು. ಗುರುಮಲ್ಲಪ್ಪ ತಮ್ಮ ಸ್ಕೂಟರಿಗೆಲ್ಲ ಪೂಜೆ ಮುಗಿಸಿ, ನೆಂಟರ ದಂಡು ಕಟ್ಟಿಕೊಂಡು, ಚೆಂಡುಹೂವಿನ ಹಾರ ಹಿಡಿದು ಸೀದಾ ವಠಾರದ ಮೋಟಾರಿನ ಮುಂದೆ ನಿಂತರು. ಅದಕ್ಕೆ ವಿಭೂತಿ ಬಳಿದು, ಹಾರ ಹಾಕಿ, ಊದುಬತ್ತಿ ಬೆಳಗಿದರು. ಅಯ್ಯೋ, ಎಂಥ ಭಕ್ತಿ! ಯಶೋಧರಾಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಹೋಗಿ ಖಾಲಿ ಬಿಂದಿಗೆ ತಂದು ಮೋಟಾರಿನ ಮುಂದೆ ಠಣ್ಣನೆ ಕುಕ್ಕಿದಳು.

"ಪೂಜೆ ಆಯ್ತಲ್ಲ ಯಜಮಾನ್ರೇ, ಒಸಿ ಸ್ವಿಚ್ ಆಕಿ. ಪ್ರಸಾದ ಅಂತ ಒಂದ್ ಬಿಂದ್ಗೆ ನೀರು ಇಡ್ಕೊಂಡೋಯ್ತೀನಿ."

ಸಿದ್ದು ಹಿಂದಿನಿಂದ ಅವಳ ಸೆರಗು ಜಗ್ಗಿದ. ಪಕ್ಕದ ಮನೆಯ ಸಾಕಮ್ಮನೂ ತನ್ನ ಬಿಂದಿಗೆ ತಂದಿಟ್ಟಳು. ಉಳಿದೆರಡು ಮನೆಗಳಿಂದಲೂ ಬಂದವು. ನೆಂಟರಲ್ಲಿ ಒಬ್ಬಾತ ಸ್ವಿಚ್ ಒತ್ತಿಯೇಬಿಟ್ಟ. ಮೋಟಾರು ಮಿಸುಕಲಿಲ್ಲ. "ಇದೇನ್ ಮಾವ, ಸುಟ್ಟೋಗಿರೋದ್ಕಾ ಊವ ಆಕಿದ್ದು?" ಎಂದು ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಗುರುಮಲ್ಲಪ್ಪ ಊದುಬತ್ತಿಯನ್ನು ಅಲ್ಲೇ ಸಿಕ್ಕಿಸಿ ಹೊರಟುಹೋದರು.

ಹಬ್ಬ ಕಳೆದದ್ದೇ ತಡ, ಮಿಸ್ತ್ರಿ ಸೈಕಲ್ ತುಳಿದುಕೊಂಡು ಬಂದ. ಸಂಜೆಗೆ ನಾಲ್ಕೂ ಮನೆಯ ತೊಟ್ಟಿ ತುಂಬಿದವು. ಸಾಕಮ್ಮ ಕುಣಿಯುವುದೊಂದು ಬಾಕಿ.

ಮಾರನೆಯ ದಿನ ಗುರುಮಲ್ಲಪ್ಪ ಬಾಗಿಲಿಗೆ ಬಂದರು. ಯಶೋಧರಾ ಕಡೆ ತಿರುಗಿಯೂ ನೋಡದೆ ಸಿದ್ದುಗೆ ಹೇಳಿದರು. "ತಿಂಗ್ಳು ತುಂಬ್ತಲೂ ಮನೆ ಖಾಲಿ ಮಾಡಪ್ಪ. ನನ್ ಮಗುನ್ಗೆ ಬೇಕು." ಮಗನಿಗೆ ಮೈಸೂರಿನಲ್ಲಿ ಸ್ವಂತ ಮನೆಯಿತ್ತು. ಅದು ವಠಾರಕ್ಕೆಲ್ಲ ಗೊತ್ತಿತ್ತು, ಆದರೂ ಸಾಕಮ್ಮ ಕೂಡ ಚಕಾರವೆತ್ತದೆ ತನ್ನ ಪಾಡಿಗೆ ಪಾತ್ರೆ ತೊಳೆಯುತ್ತಿದ್ದಳು.

ಮತ್ತೆ ಶುರುವಾಯಿತು, ಅವೇ ಬೀದಿ, ಅವೇ ಬಾಗಿಲು. ಒಂದು ಮನೆಯ ಜಗುಲಿಯಲ್ಲಿ ಕೂತಿದ್ದ ಮುದುಕಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕೇಳಿದಳು.

"ಇದ್ದ ಮನೆ ಯಾಕ್ ಬುಟ್ಟೀರಿ? ನೀರಿರ್ನಿಲ್ವಾ?"

ಸಿದ್ದು ಏನೋ ಹೇಳಿ ಜಾರಿಕೊಳ್ಳಲು ಬಾಯಿ ತೆರೆದ. ಯಶೋಧರಾ ಬಿಡಲಿಲ್ಲ.

"ನೀರು ಬಂತು ಕಣವ್ವ. ಅದುಕ್ಕೇ ಬುಡ್ಸುದ್ರು."