ಕೊಡದ ಬಾಯಿಗೆ ಕೂಡಿಸಿದ ಸ್ಪೀಕರ್

ನಿನ್ನೆ ಕಲಬುರಗಿಯ ಜಗತ್ ಸರ್ಕಲ್ಲಿನ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ನಿಂತಿದ್ದೆ. ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಕಮಲಾಪುರದ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ.

ಅಪ್ಪನ ಕಿವಿ ಮಂದವಾಗುತ್ತಿದ್ದ ಕಾಲ ಅದು. ದಿನವೂ ತತ್ವಪದ ಕೇಳುತ್ತಿದ್ದವರು ಟೇಪ್‌ರೆಕಾರ್ಡರ್ ಮುಟ್ಟುವುದನ್ನೇ ಬಿಟ್ಟಿದ್ದರು. ದೊಡ್ಡ ದನಿಯ ಸ್ಪೀಕರ್ ಮಾಡಿದರೆ ಕೇಳಿಸೀತೆಂದು ನಾನು ಹಟ ಹಿಡಿದೆ. ಕಲಬುರಗಿಯಿಂದ ತರಿಸಿದ ಸ್ಪೀಕರಿಗೆ ತಂತಿ ಬೆಸೆದು, ಅದನ್ನು ಮಣ್ಣಿನ ಕೊಡದ ಬಾಯಿಗೆ ಕೂಡಿಸಿ, ಸಂದಿಗೆ ಕಣಕ ಮೆತ್ತಿದೆ. ಮೊದಲಿನ ಎರಡು ಕೊಡಗಳ ದನಿ ಅವರಿಗೆ ಮುಟ್ಟಿರಲಿಲ್ಲ.

"ಹುಚ್ಚಿ, ಇದರಾಗರೆ ನೀರ ತುಂಬು, ಕುಡಿಲಾಕ ಬರ್ತದ," ಎಂದಳು ಅವ್ವ.

ಮೂರನೆಯ ಕೊಡವನ್ನು ಅಪ್ಪನ ತೊಡೆಯ ಮೇಲಿಟ್ಟು ಟೇಪ್ ಹಚ್ಚಿದೆ. ಅವರು ಕಣ್ಣು ಮುಚ್ಚಿ, ಕೊಡದ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು.

"ಈಗ ಭೇಷ್ ಕೇಳಸ್ಲಾಕತ್ತದ ನೋಡವ್ವ," ಎಂದರು ನನಗೆ.

ನನಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಕೊಡ ಎತ್ತುವಾಗ ನನ್ನ ಬೆಸುಗೆ ಕಿತ್ತು, ತಂತಿ ನೆಲದ ಮೇಲೆ ಬಿದ್ದಿತ್ತು.

ಅಪ್ಪ ತಾಳ ಹಾಕುತ್ತಲೇ ಇದ್ದರು. "ಹೌದ್ರಿ ಅಪ್ಪ," ಎಂದು ನಾನೂ ತಲೆಯಾಡಿಸುತ್ತ ಕೂತೆ.

ಅಂಗಡಿಯವನು ಮೊಬೈಲನ್ನು ನನ್ನ ಕಿವಿಗೆ ಹಿಡಿದ. "ಆವಾಜ್ ಬರ್ಲಾಕತ್ತದೇನ್ರೀ, ಮೇಡಂ?"

"ಹೌದ್ರಿ," ಎಂದು ತಲೆಯಾಡಿಸುತ್ತ, ಅಂಗಡಿಯ ಕಟ್ಟೆಯ ಮೇಲೆ ಬೆರಳಿನಿಂದ ತಾಳ ಹಾಕಿದೆ.