ಹರಕಿ ಅವ್ವಂದು, ಎದಿ ನಂದು

ನಮ್ಮವ್ವನಂಥ ಮೊಂಡಿ ನಾವು ದುಡಿಯಾಕ ಬಂದ ಈ ಮರಾಠಿ ಊರು ಭೋಸರಿಯೊಳಗ ಇನ್ನೊಬ್ಬಾಕಿ ಇಲ್ಲ. ಇದ್ರ ಆಕಿ ನಾನ.

ಆ ವರ್ಷ ನನ್ನ ಎದಿ ಭಾಳ ಉರೀತಿತ್ತು. ಕಾರ್ಖಾನಿಯೊಳಗ ಬಗ್ಗಿ ಬಗ್ಗಿ ಖೋಕಿ, ಅಂದ್ರ ಮಾಲಿನ ಪೆಟ್ಟಿಗಿ, ಕಟ್ಟೋ ಕೆಲಸ ನಂದು. ಬಗ್ಗಿದ್ರ ಸಾಕು, ಹುಳಿನೀರು ಗಂಟಲಿಗೆ ಬರೋದು. ಉಂಡು ಅಡ್ಡಾದ್ರಂತೂ ಕೆಂಡ ನುಂಗಿದಂಗ. ಡಾಕ್ಟರ್ ಮರಾಠಿಯೊಳಗ ಚೊಲೋ ಬೈದ್ರು. ಗುಳಗಿ ತಗೋ, ತೂಕ ಇಳಿಸು, ದಿನಾ ಮುಂಜಾನೆ ಬರೇ ಹೊಟ್ಟೀಲೆ ನಡಿ, ಉಂಡ ಮ್ಯಾಲ ಬಗ್ಗಬ್ಯಾಡ, ಮಲಗಬ್ಯಾಡ ಅಂದ್ರು.

ನಡದೆ. ಹೆಂಗ ನಡದೆ ಅಂತೀರಿ! ಕಾರ್ಖಾನಿ ಭೋಂಗಾ ಹೊಡೆಯೋಕಿಂತ ಮೊದ್ಲ ಎದ್ದು, ಬೀದಿನಾಯಿಗಳ ಜೋಡಿ ಜಗಳಾಡಿ ನಡದೆ. "ಯಾರ ಹಿಂದ ಓಡಾಕತ್ತೀಯವ್ವಾ?" ಅಂತ ಓಣಿ ಹೆಂಗಸ್ರು ನಕ್ರು. ಅವರ ಬಾಯಿಗೆ ಮಣ್ಣ ಬೀಳ್ಲಿ ಅನಕೋತ ನಡದೆ. ಕೆಂಪಖಾರ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ, ಮಂಚದ ತಲಿಕಡೆ ಕಾಲಿಗೆ ಇಟ್ಟಂಗಿ ಇಟ್ಟು ಎತ್ತರ ಮಾಡಿದೆ. ನನ್ನ ಸಪ್ಪನ ಪಲ್ಯಾ ನೋಡಿ ಅವ್ವ ಅಂದ್ಲು, "ಬಾಣಂತಿ ಹಂಗ ಉಣ್ತಿ, ಕೂಸೆಲ್ಲಿ?" ಗಂಡನ ಮನಿ ಬಿಟ್ಟು ಬಂದ ಮಗಳಿಗೆ ಹೆತ್ತಾಕಿ ಅನ್ನೋ ಮಾತೇನ್ರಿ ಇದು?

ಮುಂದಿನ ಮಳಿಗಾಲ ಬರೋದ್ರೊಳಗ ಉರಿ ನಿಂತಿತು. ಡಾಕ್ಟರ್ ಗುಳಗಿನೂ ಬಿಡಿಸಿದ್ರು. ಕುಣಕೋತ ಬಂದು ಹೇಳಿದ್ರ ಅವ್ವ ಎರಡೂ ಗಲ್ಲ ಬಡಕೊಂಡು ಕೈ ಮುಗದ್ಲು.

"ಹಣಮಪ್ಪ ನನ್ನ ಮಾತ ಕೇಳಿದ. ನಿನ್ನ ಎದಿ ತಣ್ಣಗಾದ್ರ ನಿನ್ನ ಕೈಲೆ ದೀಡ ನಮಸ್ಕಾರ ಹಾಕಸ್ತೀನಂತ ಹರಕಿ ಹೊತ್ತಿದ್ದೆ."

ದೀಡ ನಮಸ್ಕಾರ ಅಂದ್ರ ಒದ್ದಿ ಸೀರಿಯೊಳಗ ಮನಿಯಿಂದ ಗುಡಿತನಕ ಬೋರಲ ಬೀಳ್ಕೋತ ಹೋಗೋದು. ಚಾಚಿದ ಕೈ ಎಲ್ಲಿ ಮುಟ್ಟತದೋ ಅಲ್ಲಿ ಒಬ್ರು ಗೆರಿ ಎಳೀತಾರ. ಎದ್ದು ಆ ಗೆರಿ ಮ್ಯಾಲ ನಿಂತು ಮತ್ತ ಬೀಳಬೇಕು. ಯಾರದೋ ರೊಕ್ಕ, ಯಲ್ಲಮ್ಮನ ಜಾತ್ರಿ ಅಂತಾರಲ್ಲ, ಹಂಗಾತು ಇದು. ನನಗ ಪಿತ್ತ ನೆತ್ತಿಗೇರಿತು.

"ವರ್ಷಪೂರ್ತಿ ನಡದಾಕಿ ನಾನು. ನಿನ್ನ ಹಣಮಪ್ಪ ಒಂದಿನಾನೂ ಜೋಡಿ ಬರಲಿಲ್ಲ. ಹರಕಿ ಹೊತ್ತಾಕಿ ನೀ, ನೀನ ಹಾಕು. ಮೊಣಕಾಲ ಮುರದ್ರ ಮುರೀಲಿ."

ಆಕಿ ಮೊಣಕಾಲು ಮೊದ್ಲ ಹಾಳಾಗಿದ್ವು. ಅದು ಗೊತ್ತಿದ್ದೇ ಹಂಗಂದೆ.

ಶನಿವಾರ ಮುಂಜಾನೆ ನೋಡಿದ್ರ ಅವ್ವ ತಲಿಮ್ಯಾಲ ನೀರ ಸುರಕೊಂಡು ಹೊಸ್ತಿಲದಾಗ ನಿಂತಾಳ. ದಪ್ ಅಂತ ಬಿದ್ಲು. ಗೆರಿ ಎಳಿಯಾಕ ಮನಿಯೊಳಗ ಮತ್ಯಾರದಾರ? ಕೋಲ ಹಿಡಕೊಂಡು ನಾನ ಹ್ವಾದೆ. ಟೆಂಪೋದವರು ಹಾರನ್ ಹೊಡೀತಿದ್ರು. ನಕ್ಕಿದ್ದ ಹೆಂಗಸ್ರು ಬಂದು ಅವ್ವನ ಕಾಲಿಗೆ ಬಿದ್ರು, ನನ್ನ ಮಾರಿಗೆ ಮಾತ್ರ ಉಗುಳಲಿಲ್ಲ ಅಷ್ಟ. ನಡುದಾರಿಗೆ ಬಂದಾಗ ಆಕಿ ಕೈಯಿಂದ ಒಂದ ಗೇಣ ಮುಂದ ಗೆರಿ ಎಳದೆ. ಬಿದ್ದಲ್ಲಿಂದ ಕತ್ತೆತ್ತಿ ನೋಡಿದ್ಲು.

"ಕೈ ಮುಟ್ಟಿದಲ್ಲಿ ಎಳಿ. ದೇವರಿಗೆ ಮೋಸಾ ಮಾಡಬ್ಯಾಡ."

ಗೆರಿ ಅಳಿಸಿ ಹಿಂದ ಎಳದೆ.

ಸಂಜಿಕ ಆಕಿ ಮೊಣಕಾಲು ಬಾತು ಗಡಿಗಿ ಆದ್ವು. ಅದೇ ಡಾಕ್ಟರ್ ಆಕಿಗೂ ಔಷಧ ಕೊಟ್ಟು, ಬಾವು ಇಳದ ಮ್ಯಾಲ ದಿನಾ ನಡಿಬೇಕಂದ್ರು. ಈಗ ಮುಂಜಾನೆ ರಟ್ಟಿ ಹಿಡದು ನಾನ ಎಳಕೊಂಡು ಹೋಗ್ತೀನಿ. "ನಿನ್ನ ಹೆಣಾ ಎತ್ಲಿ, ಮೆಲ್ಲಕ ನಡಿ" ಅಂತಾಳ. "ಮೊದ್ಲ ನಿಂದ" ಅಂತೀನಿ. ರಾತ್ರಿ ಎಣ್ಣಿ ಹಚ್ಚಿ ತಿಕ್ಕತೀನಿ. ಹೋದ ವಾರ ಹಂಗ ತಿಕ್ಕುವಾಗ ಅಂದ್ಲು:

"ಹಣಮಪ್ಪಗ ಹೇಳೀನಿ. ಈ ಮೊಣಕಾಲು ನೆಟ್ಟಗಾದ್ರ ನನ್ನ ಮಗಳು ದೀಡ ನಮಸ್ಕಾರ ಹಾಕ್ತಾಳಂತ."

ನನ್ನ ಕೈ ನಿಂತಿತು. "ನಾ ಹಾಕದಿದ್ರ?"

"ನಾ ಹಾಕ್ತೀನಿ. ಮೊದ್ಲ ಹಾಕಿಲ್ಲೇನು?"

ಇವತ್ತ ಮುಂಜಾನೆ ರಸ್ತಾದಾಗ ನನ್ನ ಕೈ ಝಾಡಿಸಿ ಬಿಡಸ್ಕೊಂಡ್ಲು. ಚಾ ಗಾಡಿತನಕ ಒಬ್ಬಾಕಿನ ನಡದು ಹೋಗಿ, ತಿರುಗಿ ನಿಂತು, ಸಣ್ಣ ಹುಡುಗಿ ಹಂಗ ನಕ್ಕು ಕೂಗಿದ್ಲು:

"ನೋಡ ಇಲ್ಲೆ! ಇವತ್ತ ನೋವ ಕಡಿಮಿ ಅದ!"

ನಾ ಇನ್ನೂ ಏನೂ ತಿಂದಿರಲಿಲ್ಲ, ಬಗ್ಗಿರಲಿಲ್ಲ. ಆದ್ರೂ ಹುಳಿನೀರು ಗಂಟಲಿಗೆ ಬಂತು.