ಸುಮಧ್ವ ಬರೆದ ದನಿಯ ಡ್ರೈವರ್

ಮಗು ನಿದ್ದೆ ಮಾಡುತ್ತಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವವಳು ನಾನು. ಚಿಂತೆ ನನಗೆ ಹೊಸದೇನೂ ಅಲ್ಲ. ಆದರೂ ಈ ಜೂನ್ ತಿಂಗಳಿಡೀ ಮಗಳು ಸೌಪರ್ಣಿಕಾಳ ಕೆಮ್ಮಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ತೀರಿಹೋದ ಮೈದುನನ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದ ಒಂದು ಮೇಲ್.

ಸುಮಧ್ವ ಇಲ್ಲವೆಂದು ತಿಳಿಯದ ಯಾರೋ ಪರದೇಶದವರು ಅವನಿಗೇ ಬರೆದಿದ್ದರು. ನೀವು ಕಳಿಸಿದ ತಿದ್ದುಪಡಿ ಸರಿಯಾಗಿಯೇ ಕಾಣುತ್ತದೆ, ಆದರೆ ನಿಜವಾದ ಯಂತ್ರಕ್ಕೆ ಹಾಕಿ ನೋಡಿದೆವು ಎಂದು ಬೇರೆ ಯಾರೂ ಹೇಳಿಲ್ಲ. ಈ ಡ್ರೈವರನ್ನು ಬಳಸುವವರು ಇನ್ನೂ ಇದ್ದಾರೆಯೇ? ಮುಂದಿನ ಆವೃತ್ತಿಯ ಹೊತ್ತಿಗೆ ಯಾರೂ ಉತ್ತರಿಸದಿದ್ದರೆ ಅದನ್ನು ಲಿನಕ್ಸಿನಿಂದಲೇ ತೆಗೆದುಹಾಕುತ್ತೇವೆ.

ಅವನ ಬದುಕಿನಲ್ಲಿ ಅವನದೇ ಎನ್ನುವಂಥದ್ದು ಅದೊಂದೇ ಇತ್ತು.

ಸುಮಧ್ವ ನನ್ನ ಗಂಡ ನಂದಕಿಶೋರರ ತಮ್ಮ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವನ ಹೃದಯದ ಕವಾಟವನ್ನು ಕೆಡಿಸಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಹಾಗಾಗಿ ಮುಳಬಾಗಿಲಿನಲ್ಲೇ ಉಳಿದ. ಇಲ್ಲಿನ ಟೈಪಿಂಗ್ ಶಾಲೆ ಕಂಪ್ಯೂಟರ್ ಶಾಲೆಯಾದಾಗ ಅಲ್ಲೇ ಮೇಷ್ಟ್ರಾದ. ನಾನು ಬೆಂಗಳೂರಿನಿಂದ ಮದುವೆಯಾಗಿ ಬಂದ ವರ್ಷವೇ ಅವನು ಬೆಂಗಳೂರಿನ ಗುಜರಿ ಅಂಗಡಿಯಿಂದ ಅಂಗೈಯಗಲದ ಎರಡು ಕಂಪ್ಯೂಟರುಗಳನ್ನು ತಂದಿದ್ದ. ಮೊಬೈಲ್ ಫೋನುಗಳಲ್ಲಿರುವಂಥದೇ ಪ್ರೊಸೆಸರ್, ಆದರೆ ಫೋನಲ್ಲ. ತಯಾರಿಸಿದ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತ್ತು. ಸುಮಧ್ವ ಅದಕ್ಕೆ ಲಿನಕ್ಸ್ ಹಾಕಿದ; ಎಲ್ಲೆಲ್ಲಿನವರೋ ಸೇರಿ ಬರೆದು ಪುಕ್ಕಟೆ ಹಂಚುವ, ಕಂಪ್ಯೂಟರ್ ನಡೆಸುವ ತಂತ್ರಾಂಶ ಅದು. ಪರದೆ ಬೆಳಗಿತು, ದನಿ ಮಾತ್ರ ಬರಲಿಲ್ಲ.

"ಡ್ರೈವರ್ ಇಲ್ಲ ಅತ್ತಿಗೆ," ಎಂದ.

"ಹಾಗಂದ್ರೇನೋ?"

"ಚಿಪ್ಪಿಗೆ ಅದರದೇ ಭಾಷೆ, ಲಿನಕ್ಸಿಗೆ ಅದರದೇ. ನಮ್ಮ ಗಡಿ ಕಡೆ ಕೋರ್ಟಲ್ಲಿ ತೆಲುಗು ಸಾಕ್ಷಿ ಬಂದ್ರೆ ಮಧ್ಯ ಒಬ್ಬನ್ನ ನಿಲ್ಲಿಸ್ತಾರಲ್ಲ, ಅಂಥವನು ಬೇಕು."

"ಕಂಪನಿಯವರು ಕೊಡಲ್ವಾ?"

"ಅವರ ಹತ್ರ ಒಬ್ಬ ಇದಾನೆ. ಅವರ ಹಳೇ ಸಾಫ್ಟ್‌ವೇರ್ ಜೊತೆ ಮಾತ್ರ ಮಾತಾಡ್ತಾನೆ. ಏನು ಮಾತಾಡ್ತಾನೆ ಅಂತ ಹೊರಗಿನವರಿಗೆ ಹೇಳೋ ಹಾಗಿಲ್ಲ."

ಹೇಳದಿದ್ದದ್ದನ್ನು ಅವನು ಒಂದೊಂದಾಗಿ ತಡಕಿ ಕಂಡುಕೊಂಡ. ಆಗಿದ್ದಕ್ಕಿಂತ ಆಗದಿದ್ದದ್ದೇ ಹೆಚ್ಚು. ಯಾವ ದೇಶದವರೋ ಮೇಲ್ ಬರೆದು ತಪ್ಪು ತೋರಿಸಿದರೆ ಇವನಿಗೆ ಸಿಟ್ಟೇ ಬರುತ್ತಿರಲಿಲ್ಲ; ಊಟದ ತಟ್ಟೆಯ ಮುಂದೆ ಕೂತು ಅದನ್ನೇ ಯೋಚಿಸುತ್ತಿದ್ದ. ಕೊನೆಗೊಂದು ದಿನ, ಬರಹವನ್ನು ಓದಿ ಹೇಳುವ ತಂತ್ರಾಂಶ ಹಾಕಿದಾಗ, ಆ ಯಂತ್ರ ಕನ್ನಡದಲ್ಲಿ "ನಮಸ್ಕಾರ" ಎಂದಿತು. ನಮ್ಮತ್ತೆ ತಿರುಮಲಮ್ಮ ಹುಣಿಸೆಹಣ್ಣು ಬಿಡಿಸುತ್ತಿದ್ದವರು ತಲೆಯೆತ್ತಿದರು.

"ಯಾವೂರೋ ಇವನದು? ತೆಲುಗಿನೋನು ಕನ್ನಡ ಕಲಿತ ಹಾಗಿದೆ."

"ಹಾಗಾದ್ರೆ ನಮ್ಮೂರೇ ಅಮ್ಮಾ," ಎಂದು ಸುಮಧ್ವ ನಕ್ಕ.

ಅವನು ಬರೆದ ಡ್ರೈವರ್ ಅವನ ಹೆಸರಿನೊಂದಿಗೆ ಲಿನಕ್ಸಿಗೆ ಸೇರಿತು. ಅತ್ತೆ ಅಂದು ಹೆಸರುಬೇಳೆ ಪಾಯಸ ಮಾಡಿದರು. ಯಾಕೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಎರಡರಲ್ಲಿ ಒಂದು ಯಂತ್ರವನ್ನು ಅವನು ವಾಣಿಶ್ರೀಗೆ ಕೊಟ್ಟ. ಆಕೆ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತು ನಡೆಸುವವಳು. ಹುಟ್ಟಿನಿಂದ ಕಣ್ಣಿಲ್ಲ. ಬಿ.ಎ. ಪರೀಕ್ಷೆ ಕಟ್ಟಿದ್ದಳು, ಪಾಠ ಓದಿ ಹೇಳುವವರಿರಲಿಲ್ಲ. ಸುಮಧ್ವ ಪಾಠಗಳನ್ನೆಲ್ಲ ಟೈಪ್ ಮಾಡಿ ತುಂಬಿಸಿಕೊಟ್ಟ, ಯಂತ್ರ ಅವಳಿಗೆ ಓದಿ ಹೇಳತೊಡಗಿತು. ನಾನು ಅವಳನ್ನು ನೋಡಿದವಳಲ್ಲ. ಆದರೆ ಭಾನುವಾರ ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತುವುದನ್ನು ನೋಡಿದ್ದೇನೆ. ಅತ್ತೆ ಜಾತಕಗಳನ್ನು ಮುಂದಿಟ್ಟಾಗ "ನನ್ನ ಹೃದಯ ನೋಡಿದ ಡಾಕ್ಟರನ್ನೇ ಕೇಳಮ್ಮಾ" ಎಂದು ಎದ್ದುಹೋಗುವುದನ್ನೂ ನೋಡಿದ್ದೇನೆ. ವಾಣಿಶ್ರೀಯ ಬಗ್ಗೆ ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಒಂದು ದೋಷ ಉಳಿದಿತ್ತು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಯಂತ್ರ ನಿದ್ದೆಗೆ ಜಾರುತ್ತಿತ್ತು. ಎಬ್ಬಿಸಿದರೆ ಪರದೆ ಹೊತ್ತಿಕೊಳ್ಳುತ್ತಿತ್ತು, ದನಿ ಸತ್ತಿರುತ್ತಿತ್ತು. ಕಣ್ಣಿಲ್ಲದವಳಿಗೆ ಬರೀ ಪರದೆ ಯಾಕೆ? ಯುಗಾದಿಯ ನಂತರ ಅವನು ಅದನ್ನೂ ಸರಿಪಡಿಸಿದ. ತಿದ್ದಿದ್ದನ್ನು ತನ್ನ ಯಂತ್ರಕ್ಕೂ ಅವಳದಕ್ಕೂ ಹಾಕಿ, ಲಿನಕ್ಸ್‌ನವರಿಗೂ ಕಳಿಸಿದ. "ಪರೀಕ್ಷೆ ಮುಗಿಯೋವರೆಗೂ ಫೋನ್ ಮಾಡ್ಬೇಡ, ಓದ್ಕೋ ಅಂತ ಅವಳಿಗೆ ಹೇಳಿದೀನಿ," ಎಂದು ನನ್ನ ಹತ್ತಿರ ಹೇಳಿದ. ಅದಾದ ವಾರದೊಳಗೆ ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟ. ಅವನಿಗೆ ಮೂವತ್ತೊಂದು ವರ್ಷ.

ಅಪರಕರ್ಮದಲ್ಲಿ ಹೋದವರಿಗೆ ದಾರಿಗೆ ಬೇಕೆಂದು ಛತ್ರಿ, ಚಪ್ಪಲಿ, ಹಾಸಿಗೆ, ತಂಬಿಗೆ ದಾನ ಕೊಡುತ್ತಾರೆ. ಅತ್ತೆ ಅವುಗಳ ಜೊತೆಗೆ ಅವನ ಆ ಯಂತ್ರವನ್ನೂ, ಚಾರ್ಜರನ್ನೂ ಸೇರಿಸಿ ಆವನಿಯಿಂದ ಬಂದ ಆಚಾರ್ಯರ ಕೈಗಿಟ್ಟುಬಿಟ್ಟರು. ಮಗುವನ್ನೆತ್ತಿಕೊಂಡು ಒಳಗಿದ್ದ ನನಗೆ ತಿಳಿದದ್ದು ಆಮೇಲೆ.

"ಅದನ್ಯಾಕೆ ಕೊಟ್ರಿ ಅತ್ತೆ?"

"ಅದನ್ನ ಬಿಟ್ಟು ಅವನು ಎಲ್ಲಿ ಇದ್ದನಮ್ಮಾ?" ಎಂದರು.



ಮೇಲ್ ಬಂದ ಮೇಲೆ ನಂದಕಿಶೋರ್ ನಾಚಿಕೆ ಬಿಟ್ಟು ಆವನಿಗೆ ಹೋಗಿ ಕೇಳಿದರು. ದಾನ ಕೊಟ್ಟದ್ದನ್ನು ಯಾರೂ ವಾಪಸು ಕೇಳುವುದಿಲ್ಲ. ಆಚಾರ್ಯರು ನೊಂದುಕೊಂಡರು. ಸಿಮ್ ಹಾಕಲು ಜಾಗವೇ ಇರಲಿಲ್ಲವಾದ್ದರಿಂದ ಕೆಟ್ಟ ಫೋನೆಂದು ತಿಳಿದು ಹಳೇ ಸಾಮಾನಿನವನಿಗೆ ಕೊಟ್ಟಿದ್ದರಂತೆ.

"ನೀನೇ ಬರೆದುಬಿಡೆ, ಹಾಕಿ ನೋಡಿದೆ, ಸರಿಯಾಗಿದೆ ಅಂತ," ಎಂದರು ನನ್ನವರು. "ಅಲ್ಲಿರೋರಿಗೆ ಏನು ಗೊತ್ತಾಗುತ್ತೆ?"

"ನೋಡ್ದೇ ನೋಡಿದೆ ಅಂತ ಹೆಸರು ಹಾಕಬಾರದು ಅಂತಿದ್ದ ಸುಮಧ್ವ. ಅವರಲ್ಲಿ ಅದೊಂದು ಕಟ್ಟುನಿಟ್ಟು."

"ಹಾಗಾದ್ರೆ ಯಾರು ನೋಡಿದಾರೆ?"

ಇಡೀ ಲೋಕದಲ್ಲಿ ನೋಡಿದವಳು ಒಬ್ಬಳೇ. ಅವಳನ್ನು ಕೇಳಬೇಕಾದರೆ ಅವನಿಲ್ಲವೆಂದು ಹೇಳಬೇಕು. ಪರೀಕ್ಷೆಯ ನಡುವೆ ಬೇಡ ಎಂದುಕೊಂಡೆ. ಪರೀಕ್ಷೆ ಮುಗಿಯಿತು. ಈಗ ಮಾವಿನ ಸುಗ್ಗಿ, ಬೂತಿನ ತುಂಬ ಮಂಡಿಯವರಿರುತ್ತಾರೆ, ಅವರೆಲ್ಲರ ಮುಂದೆ ಬೇಡ ಎಂದುಕೊಂಡೆ. ನನಗೆ ನೆಪಗಳಿಗೆ ಬರವಿಲ್ಲ. ಫೋನಿನ ಪಕ್ಕದ ಗೋಡೆಯ ಮೇಲೆ ಸುಮಧ್ವ ಪೆನ್ಸಿಲಿನಲ್ಲಿ ಬರೆದ ಬೂತಿನ ನಂಬರು ದಿನವೂ ಕಾಣುತ್ತಿತ್ತು. ಸುಣ್ಣ ಹೊಡೆಸೋಣವೇ ಎಂದು ಅತ್ತೆ ಕೇಳಿದಾಗ, ಈ ಗೋಡೆಗೆ ಬೇಡ ಎಂದೆ.

ನಿನ್ನೆ ಎರಡನೆಯ ಮೇಲ್ ಬಂತು. ಉತ್ತರ ಬಾರದ್ದರಿಂದ ಈ ವಾರದ ಕೊನೆಗೆ ಡ್ರೈವರನ್ನು ತೆಗೆಯುತ್ತೇವೆ ಎಂದಿತ್ತು.

ಇವತ್ತು ಊಟವಾದ ಮೇಲೆ, ಮಂಡಿಯವರು ಮಲಗುವ ಹೊತ್ತು ನೋಡಿ, ಮಗುವನ್ನು ಅತ್ತೆಯ ಪಕ್ಕ ಮಲಗಿಸಿ ಬಂದು ನಂಬರು ಒತ್ತಿದೆ.

"ಹಲೋ, ಎಸ್‌ಟಿಡಿ ಬೂತು. ಯಾರು ಬೇಕಿತ್ತು?"

"ವಾಣಿಶ್ರೀ ಅವರಾ? ನಾನು ಹರಿಪ್ರಿಯಾ ಅಂತ. ಮುಳಬಾಗಿಲು. ಸುಮಧ್ವನ ಅತ್ತಿಗೆ."

"ಅಯ್ಯೋ, ನಮಸ್ಕಾರ ಮೇಡಂ. ನಾನೇ ಮಾಡ್ಬೇಕು ಅಂತಿದ್ದೆ, ಈ ಮಾವಿನಕಾಯಿ ಜನ ಬಿಡ್ತಿಲ್ಲ. ಪರೀಕ್ಷೆ ಬಾಗ, ಬಲು ಚೆನ್ನಾಗೇ ಬರ್ದಿದೀನಿ ಅಂತ ಸಾರ್‌ಗೆ ಹೇಳಿ. ಮಿಷನ್ನು ಎಷ್ಟು ಸಲ ಮಲಗಿ ಎದ್ರೂ ಮಾತಾಡ್ತದೆ, ಒಂದ್ಸಲಾನೂ ನಿಂತಿಲ್ಲ ಅಂತಾನೂ ಹೇಳ್ಬಿಡಿ."

ನನಗೆ ಬೇಕಾಗಿದ್ದ ಮಾತು ಕೇಳುವ ಮೊದಲೇ ಸಿಕ್ಕಿತ್ತು. ಹೇಳ್ತೀನಿ ಎಂದು ಫೋನಿಟ್ಟರೂ ಆಗುತ್ತಿತ್ತು. ಒಂದು ಕ್ಷಣ ಕೈ ಹಾಗೇ ಕೆಳಗಿಳಿಯಿತು ಕೂಡ.

"ಸಾರ್ ಹೇಗಿದಾರೆ ಮೇಡಂ?"

"ವಾಣಿಶ್ರೀ," ಎಂದೆ, "ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ಹೇಳಿ."

ಹೇಳಿದೆ.